ಸಿಡ್ನಿಯಲ್ಲಿ ಅಂಜಲ್ ಹುಡುಕುವವರಿಗೆ

ಸಿಡ್ನಿಗೆ ಬಂದ ಹೊಸದರಲ್ಲಿ ಒಂದು ಮೀನಂಗಡಿಯಲ್ಲಿ ‘ಕಿಂಗ್‌ಫಿಶ್’ ಅಂತ ಚೀಟಿ ನೋಡಿ ನನಗೆ ಊರೇ ಸಿಕ್ಕಷ್ಟು ಖುಷಿಯಾಗಿತ್ತು. ಮಂಗಳೂರು, ಉಡುಪಿಯ ಹೋಟೆಲುಗಳಲ್ಲಿ ಅಂಜಲ್ ಮೀನಿಗೆ ಅದೇ ಹೆಸರು ಅಲ್ವಾ? ಎರಡು ಕಿಲೋ ತಂದೆ. ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ ಅರೆದು ಹಚ್ಚಿ ಕಾವಲಿಗೆ ಹಾಕಿದೆ. ಬಾಯಿಗಿಟ್ಟರೆ ಬೇರೆಯೇ ರುಚಿ.

ಇಲ್ಲಿ ಕಿಂಗ್‌ಫಿಶ್ ಅಂದರೆ ಹಳದಿ ಬಾಲದ ಬೇರೆ ಮೀನು, ವೈಜ್ಞಾನಿಕ ಹೆಸರು ಸೀರಿಯೋಲಾ ಲಲಾಂಡಿ. ಹಸಿಯಾಗಿ ತಿನ್ನುವ ಸಶಿಮಿಗೆ ಅದು ಬಹಳ ಚೆನ್ನ. ನಮ್ಮ ಅಂಜಲ್ (ಉತ್ತರ ಕನ್ನಡದವರ ಇಸ್ವಾಣ) ಇಲ್ಲಿ ‘ಸ್ಪ್ಯಾನಿಷ್ ಮ್ಯಾಕರೆಲ್’ ಅನ್ನುವ ಹೆಸರಲ್ಲಿ ಸಿಗುತ್ತದೆ. ಮ್ಯಾಕರೆಲ್ ಅಂದ ಕೂಡಲೇ ಬಂಗುಡೆ ಅಂದುಕೊಂಡು ನಮ್ಮವರು ಎಷ್ಟೋ ಜನ ಮುಂದೆ ಹೋಗಿಬಿಡುತ್ತಾರೆ. ಅಂಜಲ್, ಬಂಗುಡೆ ಎರಡೂ ಒಂದೇ ಕುಟುಂಬದವು, ಹಾಗಾಗಿ ಹೆಸರೇನೂ ತಪ್ಪಲ್ಲ. ಉದ್ದನೆಯ ಬೆಳ್ಳಿ ಮೈ, ಚೂಪು ಹಲ್ಲು, ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಇಳಿದ ಅಲೆಯಂಥ ಕಪ್ಪು ಪಟ್ಟೆಗಳು ಕಂಡರೆ ಧೈರ್ಯವಾಗಿ ತಗೊಳ್ಳಿ.

ಒಂದು ಮಾತು ಮಾತ್ರ ಮರೆಯಬೇಡಿ. ಕ್ವೀನ್ಸ್‌ಲ್ಯಾಂಡ್ ಕಡೆಯ ಬೆಚ್ಚಗಿನ ನೀರಲ್ಲಿ ಬೆಳೆದ ದೊಡ್ಡ ಅಂಜಲ್‌ನಲ್ಲಿ ಸಿಗ್ವಾಟೆರಾ ಅನ್ನುವ ವಿಷ ಸೇರಿರಬಹುದು. ಬೇಯಿಸಿದರೂ ಫ್ರೀಜರ್‌ನಲ್ಲಿಟ್ಟರೂ ಅದು ಹೋಗುವುದಿಲ್ಲ. ಚಿಕ್ಕ ಮೀನು ಆರಿಸಿ. ತಲೆ, ಮೊಟ್ಟೆ ನಮಗೆಲ್ಲ ಇಷ್ಟ, ಗೊತ್ತು. ಆದರೆ ದೊಡ್ಡ ಮೀನಿನ ತಲೆ, ಮೊಟ್ಟೆ, ಪಿತ್ತಜನಕಾಂಗ ಬೇಡ.

ಕಾಣೆ ಮೀನಿಗೂ ಹೀಗೇ ಆಗುತ್ತದೆ. ಊರಲ್ಲಿ ಅದಕ್ಕೆ ಹೇಳುವ ‘ಲೇಡಿಫಿಶ್’ ಅನ್ನುವ ಹೆಸರಲ್ಲಿ ಕೇಳಿದರೆ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ‘ಸ್ಯಾಂಡ್ ವೈಟಿಂಗ್’ ಕೇಳಿ. ನಮ್ಮ ಕಾಣೆ ಸಿಲ್ಲಾಗೋ ಸಿಹಾಮ, ಇದು ಸಿಲ್ಲಾಗೋ ಸಿಲಿಯಾಟ. ಅಕ್ಕ ತಂಗಿ ಇದ್ದ ಹಾಗೆ. ಅದೇ ಚೂಪು ಮೂತಿ, ಮರಳಿನ ಬಣ್ಣ, ಬಾಯಲ್ಲಿ ಕರಗುವ ಬಿಳಿ ಮಾಂಸ. ರವೆ ಹಚ್ಚಿ ಹುರಿದರೆ ಕುಂದಾಪುರವೇ ನೆನಪಾಗುತ್ತದೆ. ಲಂಡನ್ನಿನಲ್ಲಿರುವ ನೆಂಟರಿಗೆ ಮಾತ್ರ ಈ ಹೆಸರು ಹೇಳಬೇಡಿ. ಅಲ್ಲಿಯ ವೈಟಿಂಗ್ ಕಾಡ್ ಮೀನಿನ ಬಳಗದ್ದು, ಕಾಣೆಗೂ ಅದಕ್ಕೂ ಸಂಬಂಧವಿಲ್ಲ.

ಬೂತಾಯಿಗೆ ಇಲ್ಲಿಯ ಸಾರ್ಡೀನ್ ಸಾಕು. ಬಂಗುಡೆಗೆ ‘ಬ್ಲೂ ಮ್ಯಾಕರೆಲ್’ ನಡೆಯುತ್ತದೆ, ಅದೇ ದಿನದ ತಾಜಾ ಮೀನಾದರೆ ಮಾತ್ರ. ಬರೀ ‘ಸ್ನ್ಯಾಪರ್’ ಅಂತ ಬರೆದಿದ್ದರೆ ಅದು ನಮ್ಮ ಕೆಂಬೇರಿ (ರೆಡ್ ಸ್ನ್ಯಾಪರ್) ಅಲ್ಲ. ಕೆಂಬೇರಿಯ ಜಾತಿ ಬೇಕಾದರೆ ‘ಕ್ರಿಮ್ಸನ್ ಸ್ನ್ಯಾಪರ್’ ಕೇಳಿ. ‘ಆಸ್ಟ್ರೇಲಿಯನ್ ಸಾಲ್ಮನ್’ ಸಾಲ್ಮನ್ನೇ ಅಲ್ಲ. ಮೆಲ್ಬರ್ನ್‌ನಲ್ಲಿ ಚಿಪ್ಸ್ ಜೊತೆ ಕೊಡುವ ‘ಫ್ಲೇಕ್’ ಸಾಮಾನ್ಯವಾಗಿ ಶಾರ್ಕ್, ಅಂದರೆ ನಮ್ಮ ತಾಟೆಯ ಬಳಗ. ‘ಬಟರ್‌ಫಿಶ್’ ಅಂದರೆ ಮಾಂಜಿ (ಪಾಂಫ್ರೆಟ್) ಅಂತ ನಂಬಬೇಡಿ. ಆ ಹೆಸರಲ್ಲಿ ಎಸ್ಕೊಲಾರ್ ಅನ್ನುವ ಮೀನು ಮಾರಿದ್ದೂ ಇದೆ. ಅದರ ಮೇಣದಂಥ ಎಣ್ಣೆ ಜೀರ್ಣವಾಗುವುದಿಲ್ಲ, ಹೊಟ್ಟೆ ಕೆಡುತ್ತದೆ.

ಮೀನಿನ ಹೆಸರುಗಳಿಗೇ ಇಲ್ಲಿ ಎಎಸ್ 5300 ಅನ್ನುವ ರಾಷ್ಟ್ರೀಯ ಮಾನದಂಡ ಇದೆ. ಅದರಲ್ಲಿ ಪ್ರತಿ ಹೆಸರಿನ ಎದುರು ವೈಜ್ಞಾನಿಕ ಹೆಸರೂ ಇರುತ್ತದೆ. ಅಂಜಲ್‌ನದು ಸ್ಕಾಂಬೆರೊಮೊರಸ್ ಕಾಮರ್ಸನ್, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಸಂಕೋಚ ಬೇಡ, ಅಂಗಡಿಯವರಿಗೆ ತೋರಿಸಿ ಕೇಳಿ.

ಮತ್ತೆ, ಅಂಜಲ್ ದುಂಡಗೆ ತುಂಡು ಮಾಡಿಸುವಾಗ ‘ಕಟ್ಲೆಟ್’ ಅನ್ನಿ. ನಮ್ಮ ಆಲೂಗಡ್ಡೆ ಕಟ್ಲೆಟ್ ಅಲ್ಲ, ನಡುವೆ ಮುಳ್ಳಿರುವ ಆ ತುಂಡಿಗೇ ಇಲ್ಲಿ ಆ ಹೆಸರು. ಒಂದು ಬೆರಳು ದಪ್ಪ ಇರಲಿ.