ಕಾವೇರಿಯ ಇಳಿಜಾರನ್ನು ದಾರದಲ್ಲಿ ಅಳೆದ ಬಗೆ

ತಲಕಾವೇರಿಯಿಂದ ಕೂಡಿಗೆಯವರೆಗೆ ಹೊಳೆ ಎಲ್ಲೆಲ್ಲಿ ಎಷ್ಟೆಷ್ಟು ಇಳಿಯುತ್ತದೆ ಎಂದು ಗ್ರಾಫ್ ಹಾಳೆಗೆ ತರಲು ನಾನು ಬಳಸಿದ್ದು ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟುಗಳ (ನೆಲದ ಏರಿಳಿತ ತೋರಿಸುವ ನಕ್ಷೆಗಳ) ಜೆರಾಕ್ಸ್, ಹತ್ತಿ ದಾರ ಮತ್ತು ಗುಂಡುಸೂಜಿ. ಮೂಲ ಶೀಟಿನಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಜೆರಾಕ್ಸ್‌ನಲ್ಲಿ ಅಳತೆ ಕೊಂಚ ಹಿಗ್ಗುವುದು, ಕುಗ್ಗುವುದು ಉಂಟು. ಹಾಗಾಗಿ ಮೊದಲು ಅದರ ಮೇಲಿನ ಅಳತೆಪಟ್ಟಿಗೆ ಸ್ಕೇಲ್ ಇಟ್ಟು ನೋಡಬೇಕು.

ನಕ್ಷೆಯಲ್ಲಿ ಹೊಳೆಯ ಗೆರೆಗುಂಟ ದಾರ ಇಡಬೇಕು. ಒಣ ದಾರ ತಿರುವಿನಲ್ಲಿ ನಿಲ್ಲದೆ ನೇರವಾಗಿಬಿಡುತ್ತದೆ. ಹೊಳೆಯ ಉದ್ದ ಕಡಿಮೆ ಬರುತ್ತದೆ. ತುಸು ಒದ್ದೆ ಮಾಡಿದರೆ ಕಾಗದಕ್ಕೆ ಅಂಟಿ ಕೂರುತ್ತದೆ. ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಹೊಳೆಯನ್ನು ದಾಟುವ ಕಡೆಯಲ್ಲೆಲ್ಲ ದಾರದ ಮೇಲೆ ಪೆನ್ನಿನ ಗುರುತು ಹಾಕಿ, ಎತ್ತಿದ ಮೇಲೆ ಎಳೆಯದೆ ಅಳೆಯಬೇಕು. ಹೊಳೆ ದಾಟುವಲ್ಲಿ ರೇಖೆ ಚೂಪಾಗಿ ಬಾಗುತ್ತದೆ; ಆ ಚೂಪು ತುದಿ ಯಾವಾಗಲೂ ಹೊಳೆಯ ಮೇಲ್ಭಾಗಕ್ಕೆ ಮುಖ ಮಾಡಿರುತ್ತದೆ. ಭಾಗಮಂಡಲದ ಹತ್ತಿರ ಇದನ್ನು ಗಮನಿಸದಿದ್ದರೆ ದಾರ ಅಲ್ಲಿ ಕಾವೇರಿಗೆ ಸೇರುವ ಕನ್ನಿಕೆ ಹೊಳೆಯ ಕಣಿವೆ ಹತ್ತಿಬಿಡುತ್ತದೆ.

ಗ್ರಾಫಿನಲ್ಲಿ ಅಡ್ಡಕ್ಕೆ 1 ಸೆಂ.ಮೀ.ಗೆ 1 ಕಿ.ಮೀ., ಮೇಲಕ್ಕೆ 1 ಸೆಂ.ಮೀ.ಗೆ 50 ಮೀಟರ್ ಇಟ್ಟೆ. ಅಂದರೆ ಎತ್ತರ 20 ಪಟ್ಟು ಹಿಗ್ಗಿ ಕಾಣುತ್ತದೆ. ಇಷ್ಟು ಹಿಗ್ಗಿಸದಿದ್ದರೆ ಭಾಗಮಂಡಲದ ಕೆಳಗೆ ಗೆರೆ ಮಲಗಿಯೇ ಇರುತ್ತದೆ.

ಇಡೀ ಕೆಲಸದಲ್ಲಿ ನಾನು ಮುಖ್ಯವೆಂದು ಎಣಿಸುವುದು ಇದೇ. ತಲಕಾವೇರಿ ಸುಮಾರು 1,276 ಮೀಟರ್, ಭಾಗಮಂಡಲ 900ರ ಆಸುಪಾಸು. ರಸ್ತೆಯಲ್ಲಿ ಬರೀ 8 ಕಿ.ಮೀ. ದೂರ! ಕೊಡಗಿನೊಳಗಿನ ಇಳಿತದ ಬಹುಪಾಲು ಅಲ್ಲೇ ಮುಗಿಯಿತು. ಅಲ್ಲಿಂದ ನಾಪೋಕ್ಲು, ಬೇತ್ರಿ, ಸಿದ್ದಾಪುರ, ದುಬಾರೆ ದಾಟಿ ಕುಶಾಲನಗರ ಮುಟ್ಟುವವರೆಗೆ ಕಾವೇರಮ್ಮೆ ಇಳಿಯುವುದು ನೂರು ಮೀಟರಿಗಿಂತ ಕಡಿಮೆ. ಬೆಟ್ಟದಿಂದ ರಭಸವಾಗಿ ಬಂದ ಮಳೆನೀರು ಇಳಿಜಾರು ಸಿಗದೆ ಪಕ್ಕದ ಗದ್ದೆಗೆ ಹರಡಿಕೊಳ್ಳುತ್ತದೆ. ಜೋರು ಮಳೆಗಾಲದಲ್ಲಿ ಭಾಗಮಂಡಲದ ಸಂಗಮ ಮುಳುಗುವುದಕ್ಕೂ, ಸಿದ್ದಾಪುರದ ಹತ್ತಿರದ ಕರಡಿಗೋಡಿನ ದಡದ ಮನೆಗಳಿಗೆ ನೀರು ನುಗ್ಗುವುದಕ್ಕೂ ಇದು ದೊಡ್ಡ ಕಾರಣ.

ಈ ಸಪಾಟು ಭಾಗದಲ್ಲಿ ಮೊಬೈಲ್ ಜಿಪಿಎಸ್‌ನ ಎತ್ತರವನ್ನು ನಂಬಬಾರದು. ಮರಗಳಡಿ ಹತ್ತಿಪ್ಪತ್ತು ಮೀಟರ್ ಸುಲಭವಾಗಿ ತಪ್ಪುತ್ತದೆ. ಅಷ್ಟು ಇಳಿಯಲು ಹೊಳೆಗೆ ಇಲ್ಲಿ ಎಷ್ಟೋ ಕಿಲೋಮೀಟರ್ ಬೇಕು. ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಉಪಕರಣವೂ ಮಳೆಗಾಲಕ್ಕೆ ಆಗದು: ಒತ್ತಡ 1 ಮಿಲಿಬಾರ್ ಬದಲಾದರೆ ಎತ್ತರ ಎಂಟೊಂಬತ್ತು ಮೀಟರ್ ವ್ಯತ್ಯಾಸ ತೋರಿಸುತ್ತದೆ. ಶೀಟಿನಲ್ಲೂ ರೇಖೆಗಳ ಅಂತರ 20 ಮೀಟರ್ ಆದ್ದರಿಂದ ಇಲ್ಲಿ ಹೊಳೆ ದಾಟುವ ರೇಖೆಗಳು ಬೆರಳೆಣಿಕೆಯಷ್ಟೇ. ಎರಡು ಗುರುತುಗಳ ನಡುವೆ ನೇರ ಗೆರೆ ಎಳೆದು ಬಿಟ್ಟೆ. ಅಂದಾಜಿನ ಬಾಗು ಕೊಡಲಿಲ್ಲ.

ಕೂಡಿಗೆಯಲ್ಲಿ ಹಾರಂಗಿ ಎಡಗಡೆಯಿಂದ ಸೇರುತ್ತದೆ. ದಾರವನ್ನು ಅಲ್ಲಿಗೆ ನಿಲ್ಲಿಸಿದೆ.