ಹೊಟ್ಟೆನೋವು ಹೋದರೂ ಹುಣ್ಣು ಹೋಗಿರಲಿಲ್ಲ

"ಸಾರ್, ಹೊಟ್ಟೇಲಿ ಗಡ್ಡೆ ಎದ್ದಂಗೆ ಆಗ್ತೈತೆ. ಆಮೇಲೆ ಗುಡುಗುಡು ಅಂತ ಸೌಂಡ್ ಬಂದು ಇಳಿತೈತೆ."

ಹರಿಹರದ ಕಡೆಯ ಹುಡುಗ. 26 ವರ್ಷ, ವೆಲ್ಡಿಂಗ್ ಕೆಲಸ. ಹೇಳುತ್ತಲೇ ಬಲಗೈ ಮುಷ್ಟಿ ಕಟ್ಟಿ ಹೊಕ್ಕಳ ಪಕ್ಕ ಇಟ್ಟು ಉರುಳಿಸಿ ತೋರಿಸಿದ. ದಾವಣಗೆರೆಯಲ್ಲಿ ಕುಳಿತು ಹೊಟ್ಟೆ, ಕರುಳು, ಲಿವರ್ ನೋಡುವುದೇ ನನ್ನ ಕೆಲಸ. ಹೀಗೆ ಮುಷ್ಟಿ ಉರುಳಿಸಿದವರನ್ನು ಕಂಡರೆ ಅರ್ಧ ಕಾಯಿಲೆ ಗೊತ್ತಾದ ಹಾಗೆ. ಸಣ್ಣ ಕರುಳು ಎಲ್ಲೋ ಒಂದು ಕಡೆ ಕಿರಿದಾಗಿರುತ್ತದೆ. ತಿಂದ ರೊಟ್ಟಿ ಅಲ್ಲಿ ತಡೆದು ನಿಲ್ಲುತ್ತದೆ. ಹಿಂದಿನಿಂದ ಕರುಳು ಒತ್ತಿ ಒತ್ತಿ ತಳ್ಳುತ್ತದೆ, ಗಾಳಿ ತುಂಬಿ ಉಂಡೆಯ ಹಾಗೆ ಕೈಗೆ ಸಿಗುತ್ತದೆ. ತಡೆ ದಾಟಿದ ಕೂಡಲೇ ಸದ್ದು, ಆಮೇಲೆ ಆರಾಮ.

ಆರು ತಿಂಗಳಲ್ಲಿ 9 ಕಿಲೋ ಇಳಿದಿದ್ದ. ಅಲ್ಲಿಯವರೆಗೆ ನುಂಗಿದ್ದು ಬರೀ ಗ್ಯಾಸ್ ಮಾತ್ರೆ. ಅವನ ತಾಯಿ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು. ಗ್ಯಾಸ್ ಮಾತ್ರೆ ಬರೆದವರನ್ನು ಬೈಯಲಾರೆ. ಹೊಟ್ಟೆನೋವು ಅಂತ ಬರುವವರಲ್ಲಿ ಬಹಳ ಮಂದಿಗೆ ದೊಡ್ಡ ಕಾಯಿಲೆ ಏನೂ ಇರುವುದಿಲ್ಲ. ಇರುವವರನ್ನು ಆರಿಸುವುದೇ ಕಷ್ಟ.

ಕರುಳು ಕಿರಿದಾಗಿದೆ ಅಂತ ಗೊತ್ತಾದ ಮೇಲೆ ಯಾಕೆ ಅನ್ನೋ ಪ್ರಶ್ನೆ ಬರುತ್ತದೆ. ಈ ವಯಸ್ಸಿನವರಲ್ಲಿ ನಮ್ಮ ಕಡೆ ಮೊದಲು ನೆನಪಾಗುವುದು ಎರಡು. ಒಂದು ಕರುಳಿನ ಟಿಬಿ. ಇನ್ನೊಂದು ಕ್ರೋನ್ಸ್ ಕಾಯಿಲೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕರುಳಿನ ಮೇಲೆ ತಿರುಗಿಬಿದ್ದು ಆಗುವ ಉರಿಯೂತ. ಎರಡಕ್ಕೂ ಇಷ್ಟದ ಜಾಗ ಒಂದೇ, ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಮೂಲೆ. ಎರಡರಲ್ಲೂ ಹುಣ್ಣು, ಎರಡರಲ್ಲೂ ತೂಕ ಇಳಿತ. ಸೂಕ್ಷ್ಮದರ್ಶಕದಡಿ ನೋಡಿದರೂ ಎರಡರಲ್ಲೂ ಗ್ರಾನುಲೋಮಾ ಎಂಬ ಗಂಟು ಕಾಣಬಹುದು. ಇದೇನು ಹೊಸ ಗೊಂದಲ ಅಲ್ಲ. 1913ರಲ್ಲೇ ಗ್ಲಾಸ್ಗೋದ ಸರ್ಜನ್ ಡಾಲ್ಜಿಯಲ್ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ನೋಡಲು ಟಿಬಿಯ ಹಾಗೇ, ಆದರೆ ಟಿಬಿ ಕ್ರಿಮಿ ಸಿಗದು. ನ್ಯೂಯಾರ್ಕಿನ ಕ್ರೋನ್ ಮತ್ತು ಅವರ ಇಬ್ಬರು ಜೊತೆಗಾರರ ಲೇಖನ ಬಂದದ್ದು 1932ರಲ್ಲಿ, ಹೆಸರು ಉಳಿದದ್ದು ಕ್ರೋನ್ ಅವರದು.

ಹೆಸರು ಯಾವುದಾದರೇನು ಅಂತ ಬಿಡುವ ಹಾಗಿಲ್ಲ, ಯಾಕಂದರೆ ಔಷಧ ಪೂರ್ತಿ ಉಲ್ಟಾ. ಕ್ರೋನ್ಸ್‌ಗೆ ಕೊಡುವ ಹಲವು ಔಷಧಗಳು ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಟಿಬಿ ಇದ್ದವರಿಗೆ ಅದನ್ನು ಕೊಟ್ಟರೆ ಕಿಚ್ಚಿಗೆ ಎಣ್ಣೆ ಹೊಯ್ದ ಹಾಗೆ. ಕ್ರೋನ್ಸ್ ಇದ್ದವರಿಗೆ ಟಿಬಿ ಮಾತ್ರೆ ಕೊಡುತ್ತಾ ಕುಳಿತರೆ, ಒಳಗೆ ಹುಣ್ಣು ಕೆಲಸ ಮುಂದುವರಿಸುತ್ತದೆ, ಕರುಳು ಇನ್ನಷ್ಟು ಕಿರಿದಾಗುತ್ತದೆ.

ನಾನು ಎಡವಿದ್ದು ಈ ಎರಡನೆಯದರಲ್ಲಿ.

2008ರ ಮಾತು. ಡಿಎಡ್ ಓದುತ್ತಿದ್ದ ಹುಡುಗಿ, 22 ವರ್ಷ. ಕರುಳಿನ ಮೂಲೆಯಲ್ಲಿ ಹುಣ್ಣು. ಬಯಾಪ್ಸಿ ವರದಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬಂತು: ಟಿಬಿ ಇರಬಹುದು, ಕ್ರೋನ್ಸ್ ಕೂಡ ಇರಬಹುದು, ರೋಗಿಯ ಲಕ್ಷಣ ನೋಡಿ ತೀರ್ಮಾನಿಸಿ. ನಮ್ಮ ದೇಶದಲ್ಲಿ ಟಿಬಿ ಜಾಸ್ತಿ ಅಲ್ವಾ, ಅದನ್ನೇ ಶುರು ಮಾಡಿದೆ. ಎರಡು ತಿಂಗಳಿಗೆ ಬಂದಳು. ನೋವು ಕಡಿಮೆ, ಊಟ ಸೇರುತ್ತಿದೆ, ತೂಕ 4 ಕಿಲೋ ಏರಿದೆ. ಅವಳ ಅಪ್ಪ ಸಿಹಿ ತಂದಿದ್ದರು. ನಾನೂ ತಿಂದೆ. ಮತ್ತೆ ಒಳಗೆ ನೋಡಬೇಕು ಅಂತ ಅನ್ನಿಸಲೇ ಇಲ್ಲ. ಒಂಬತ್ತು ತಿಂಗಳ ಕೋರ್ಸ್ ಮುಗಿಸಿದೆ. ಹತ್ತನೇ ತಿಂಗಳು ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಉಬ್ಬಿ, ವಾಂತಿ ಮಾಡಿಕೊಳ್ಳುತ್ತಾ ಬಂದಳು. ಕರುಳು ಪೂರ್ತಿ ಕಟ್ಟಿಕೊಂಡಿತ್ತು. ಸರ್ಜನ್ ಆ ಮೂಲೆಯನ್ನು ಕತ್ತರಿಸಿ ತೆಗೆಯಬೇಕಾಯಿತು. ತೆಗೆದ ತುಂಡನ್ನು ಪರೀಕ್ಷಿಸಿದಾಗ ಕ್ರೋನ್ಸ್.

ಈಗ ಗೊತ್ತಿರುವ ವಿಷಯ ಇದು: ಕ್ರೋನ್ಸ್ ಇರುವವರಲ್ಲೂ ಸುಮಾರು ಜನಕ್ಕೆ ಟಿಬಿ ಮಾತ್ರೆ ತೆಗೆದುಕೊಂಡಾಗ ಕೆಲವು ತಿಂಗಳು ಹಾಯೆನಿಸುತ್ತದೆ. ನೋವು ತಗ್ಗುತ್ತದೆ, ಹುಣ್ಣು ಮಾತ್ರ ಹಾಗೇ ಇರುತ್ತದೆ. ದೆಹಲಿಯ ಏಮ್ಸ್‌ನಂಥ ಕಡೆ ನಮ್ಮವರೇ ಇಂಥ ರೋಗಿಗಳಿಗೆ ಮತ್ತೆ ಮತ್ತೆ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಪೈಪು ಹಾಕಿ ಕರುಳು ನೋಡುವುದು) ಮಾಡಿ ನೋಡಿ ಇದನ್ನು ದಾಖಲಿಸಿದ್ದಾರೆ. ನಾನು ಅದನ್ನು ಓದಿದ್ದು ಅವಳ ಆಪರೇಷನ್ ಆಗಿ ಎಷ್ಟೋ ವರ್ಷಕ್ಕೆ.

ಈಗ ನಾನು ಮಾಡುವುದನ್ನು ಹರಿಹರದ ಹುಡುಗನನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಮಲದ ಕ್ಯಾಲ್‌ಪ್ರೊಟೆಕ್ಟಿನ್. ಕರುಳಿನಲ್ಲಿ ಉರಿಯೂತ ಇದ್ದರೆ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಅವುಗಳೊಳಗಿನ ಈ ಪ್ರೋಟೀನ್ ಮಲದಲ್ಲಿ ಹೊರಬರುತ್ತದೆ. ಅದರ ಅಂಕಿ 50ರ ಒಳಗಿದ್ದು, ರಕ್ತ ಹೋಗುವುದು, ತೂಕ ಇಳಿಯುವುದು ಏನೂ ಇಲ್ಲದಿದ್ದರೆ ಚಿಕ್ಕ ವಯಸ್ಸಿನವರಿಗೆ ನಾನು ಸಾಮಾನ್ಯವಾಗಿ ಸ್ಕೋಪಿ ಮಾಡುವುದಿಲ್ಲ. 250 ದಾಟಿದರೆ ಬಿಡುವುದಿಲ್ಲ. ಈ ಹುಡುಗನದು 640. ಆದರೆ ಇದು ಟಿಬಿಯೋ ಕ್ರೋನ್ಸೋ ಹೇಳುವುದಿಲ್ಲ, ಒಳಗೆ ಬೆಂಕಿ ಇದೆ ಅಂತಷ್ಟೇ ಹೇಳುತ್ತದೆ. ಇನ್ನೊಂದು ಮಾತು. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ನುಂಗುತ್ತಿದ್ದರೂ ಈ ಅಂಕಿ ಏರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವವರು ನಮ್ಮಲ್ಲಿ ಕಡಿಮೆ ಇಲ್ಲ. ಅದನ್ನು ಕೇಳದೆ ಮಲದ ಡಬ್ಬಿ ಕೊಡಬಾರದು.

ಆಮೇಲೆ ಅಲ್ಟ್ರಾಸೌಂಡ್. ಕರುಳಿನಲ್ಲಿ ಗಾಳಿ ಇರುತ್ತದೆ, ಅಲ್ಟ್ರಾಸೌಂಡಿನಲ್ಲಿ ಏನೂ ಕಾಣುವುದಿಲ್ಲ ಅಂತಲೇ ನಾವು ಕಲಿತದ್ದು. ಹಾಗೇನೂ ಇಲ್ಲ. ಪ್ರೋಬನ್ನು ನಿಧಾನವಾಗಿ ಒತ್ತಿ ಹಿಡಿದರೆ ಗಾಳಿ ಸರಿಯುತ್ತದೆ, ಕರುಳಿನ ಗೋಡೆ ಪದರ ಪದರವಾಗಿ ಕಾಣುತ್ತದೆ. ಸರಿಯಿರುವ ಗೋಡೆ 3 ಮಿಲಿಮೀಟರ್ ಒಳಗೆ. ಇವನದು 7. ಐವತ್ತರ ಹತ್ತಿರ ಬಂದ ಮೇಲೆ ಇದನ್ನು ಕಲಿತೆ. ಮೊದಲ ಆರು ತಿಂಗಳು ನನಗೂ ಕಂಡದ್ದು ಬರೀ ಬೂದು ಮೋಡ. ಖಾಲಿ ಹೊಟ್ಟೆ ಬೇಡ, ಭೇದಿ ಔಷಧ ಬೇಡ, ಎಕ್ಸ್‌ರೇ ಕಿರಣ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ನೋಡಿದರೂ ತೊಂದರೆ ಇಲ್ಲ.

ಸಿಟಿ ಸ್ಕ್ಯಾನ್ ಕೂಡ ಮಾಡಿಸಿದೆ. ಹೊಟ್ಟೆಯ ದುಗ್ಧಗ್ರಂಥಿಗಳು ದಪ್ಪಗಾಗಿ ಒಳಗೆ ಕೊಳೆತ ಹಾಗೆ ಕಂಡರೆ ಟಿಬಿ ಕಡೆ ವಾಲುತ್ತೇವೆ. ಅಂಥದ್ದು ಸಿಗಲಿಲ್ಲ. ಎದೆಯ ಎಕ್ಸ್‌ರೇಯೂ ಚೊಕ್ಕ.

ಕೊಲೊನೋಸ್ಕೋಪಿಯಲ್ಲಿ ನಾನು ತಡೆದು ನಿಲ್ಲುವುದು ಒಂದು ಸಣ್ಣ ವಿಷಯಕ್ಕೆ. ಬಯಾಪ್ಸಿ ಚೂರುಗಳು ಯಾವ ಬಾಟಲಿಗೆ ಹೋಗುತ್ತವೆ ಅನ್ನುವುದಕ್ಕೆ. ಚೂರು ಅಂದರೆ ಸಾಸಿವೆ ಕಾಳಿನಷ್ಟು. ಹುಣ್ಣಿನ ಅಂಚಿನಿಂದ ಮತ್ತು ತಳದಿಂದ ಎಂಟು ಹತ್ತು ತೆಗೆಯುತ್ತೇನೆ. ಪೆಥಾಲಜಿಗೆ ಹೋಗುವವು ಫಾರ್ಮಲಿನ್‌ಗೆ, ಚೂರು ಕೆಡದಂತೆ ಇಡುವ ದ್ರವಕ್ಕೆ. ಟಿಬಿ ಕಲ್ಚರ್‌ಗೆ (ಕ್ರಿಮಿಯನ್ನು ಬೆಳೆಸಿ ನೋಡುವುದು) ಮತ್ತು ಜೀನ್‌ಎಕ್ಸ್‌ಪರ್ಟ್‌ಗೆ (ಟಿಬಿ ಕ್ರಿಮಿಯ ಜೀನ್ ಹುಡುಕುವ ಯಂತ್ರ) ಹೋಗುವವು ಬರೀ ಸಲೈನ್‌ಗೆ. ಫಾರ್ಮಲಿನ್‌ಗೆ ಬಿದ್ದ ಕ್ರಿಮಿ ಸತ್ತೇ ಹೋಗುತ್ತದೆ, ಕಲ್ಚರ್‌ನಲ್ಲಿ ಬೆಳೆಯುವ ಮಾತೇ ಇಲ್ಲ. ಹಿಂದೆ ಎಷ್ಟೋ ಸಲ ನಮ್ಮ ಕೋಣೆಯಲ್ಲೇ ಎಲ್ಲ ಚೂರೂ ಅಭ್ಯಾಸಬಲದಿಂದ ಫಾರ್ಮಲಿನ್ ಬಾಟಲಿಗೇ ಬಿದ್ದಿವೆ. ಸಿಸ್ಟರ್ ತಪ್ಪಲ್ಲ, ನಾನು ಹೇಳಿರಲಿಲ್ಲ. ಈಗ ಸ್ಕೋಪ್ ಒಳಗೆ ಹೋಗುವ ಮೊದಲೇ ಟ್ರೇ ಮೇಲೆ ಕೆಂಪು ಟೇಪಿನ ಬಾಟಲಿ, ಬಿಳಿ ಟೇಪಿನ ಬಾಟಲಿ ಎರಡೂ ಇರಬೇಕು.

ಜೀನ್‌ಎಕ್ಸ್‌ಪರ್ಟ್ ಇಲ್ಲದ ಊರಲ್ಲಿ ಟ್ರೂನ್ಯಾಟ್ ಇರಬಹುದು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ್ದು, ಗೋವಾದ ಮೋಲ್‌ಬಯೋ ತಯಾರಿಸುವ ಸಣ್ಣ ಯಂತ್ರ. ಬ್ಯಾಟರಿಯಲ್ಲೂ ಓಡುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿತು. ಇವು ಟಿಬಿ ಇದೆ ಅಂದರೆ ಬಹುತೇಕ ಇದ್ದೇ ಇರುತ್ತದೆ. ಇಲ್ಲ ಅಂದರೆ ನಂಬಿ ಕೂರಬೇಡಿ. ಕಫದಲ್ಲಿ ಕ್ರಿಮಿ ಹೇರಳ, ಕರುಳಿನ ಚೂರಿನಲ್ಲಿ ಬಹಳ ಕಡಿಮೆ. ಕರುಳಿನ ಟಿಬಿ ನಿಜವಾಗಿ ಇದ್ದಾಗಲೂ ಈ ಪರೀಕ್ಷೆ ಅರ್ಧಕ್ಕಿಂತ ಹೆಚ್ಚು ಸಲ ಕೈಕೊಡುತ್ತದೆ.

ಹುಡುಗನ ವರದಿ ಬಂತು. ಜೀನ್‌ಎಕ್ಸ್‌ಪರ್ಟ್ ನೆಗೆಟಿವ್. ಪೆಥಾಲಜಿಯಲ್ಲಿ ಸಣ್ಣ ಗ್ರಾನುಲೋಮಾ, ಟಿಬಿಯಲ್ಲಿ ಕಾಣುವ ಗಿಣ್ಣಿನ ಥರದ ಕೊಳೆತ ಇಲ್ಲ. ಮತ್ತೆ ಅದೇ ಅಡ್ಡಗೋಡೆ, ಅದೇ ದೀಪ. ನನ್ನ ಮನಸ್ಸು ಕ್ರೋನ್ಸ್ ಕಡೆ ಇತ್ತು. ಆದರೂ ಟಿಬಿ ಇದ್ದುಬಿಟ್ಟರೆ ಕ್ರೋನ್ಸ್ ಔಷಧ ಅಪಾಯ ಅಂತ ಮೊದಲು ಟಿಬಿ ಮಾತ್ರೆ ಶುರು ಮಾಡಿದೆ. ಟಿಬಿ ರೋಗಿಗಳನ್ನು ದಾಖಲಿಸುವ ಸರ್ಕಾರದ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿದೆ. ಖಾಸಗಿ ವೈದ್ಯರಿಗೂ 2012ರಿಂದ ಇದು ಕಡ್ಡಾಯ. ಮಾತ್ರೆ ಉಚಿತ, ಊಟದ ಖರ್ಚಿಗೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗಿಂತ ಮೊದಲು ಅದು 500 ಇತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡ ಅಂತ ಮೊದಲೇ ಹೇಳಿದೆ. ಹೇಳದಿದ್ದರೆ ರಕ್ತ ಹೋಗ್ತಿದೆ ಅಂತ ಮಾತ್ರೆ ಬಿಟ್ಟು ಕೂರುತ್ತಾರೆ.

ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಎರಡು ತಿಂಗಳ ಮುಂದಿನ ತಾರೀಖು ಬರೆದೆ. ಅವನ ತಾಯಿಗೆ ಹೇಳಿದೆ: "ಅಮ್ಮಾ, ಇವನು ಚೆನ್ನಾಗಾದರೂ ಕರ್ಕೊಂಡ್ ಬರಬೇಕು. ಚೆನ್ನಾಗಾದರೆ ಇನ್ನೂ ಬರಬೇಕು." ಅವರಿಗೆ ಇದು ವಿಚಿತ್ರ ಅನ್ನಿಸಿತು. "ಆರಾಮಾದ್ ಮೇಲೆ ಯಾಕ್ ಸಾರ್ ಮತ್ತೆ ಪೈಪು?" ಅಂದರು. ಎಲ್ಲರೂ ಹಾಗೇ ಕೇಳುತ್ತಾರೆ. ಖರ್ಚು, ಹಿಂದಿನ ರಾತ್ರಿ ಲೀಟರ್‌ಗಟ್ಟಲೆ ಭೇದಿ ನೀರು, ಕೂಲಿ ತಪ್ಪುವುದು. ನೋವಿಲ್ಲದವನಿಗೆ ಇದನ್ನು ಒಪ್ಪಿಸುವುದು ಕೊಲೊನೋಸ್ಕೋಪಿಗಿಂತ ಕಷ್ಟದ ಕೆಲಸ.

ಅವನು ಬಂದ. ಕಲ್ಚರ್ ಕೂಡ ಅಷ್ಟರಲ್ಲಿ ನೆಗೆಟಿವ್ ಬಂದಿತ್ತು. ಆದರೆ ಒಳಗೆ ಹುಣ್ಣು ಹುಡುಕಿದರೂ ಇಲ್ಲ. ಇದ್ದ ಜಾಗದಲ್ಲಿ ತೆಳು ಗುಲಾಬಿ ಕಲೆ. ಟಿಬಿಯೇ. ನನ್ನ ಊಹೆ ತಪ್ಪಿತ್ತು. ಟಿಬಿ ಹುಣ್ಣು ಸರಿಯಾದ ಮಾತ್ರೆ ಬಿದ್ದರೆ ಎರಡು ತಿಂಗಳಲ್ಲಿ ಒಣಗಿರುತ್ತದೆ, ಇಲ್ಲವೇ ಒಣಗುವ ದಾರಿಯಲ್ಲಿರುತ್ತದೆ. ಕಿರಿದಾದ ಜಾಗ ಮಾತ್ರ ಹಾಗೇ ಉಳಿದಿತ್ತು. ಹುಣ್ಣು ವಾಸಿಯಾದರೂ ಗಾಯದ ಗಂಟು ಬಿಗಿದುಕೊಂಡೇ ಇರಬಹುದು. ಸ್ಕೋಪ್ ಮೂಲಕವೇ ಬಲೂನ್ ಹಾಕಿ ಎರಡು ಸಲ ಹಿಗ್ಗಿಸಿದೆ. ಮಾತ್ರೆ ಆರು ತಿಂಗಳಿಗೆ ಮುಗಿಯಿತು. ಒಂಬತ್ತು ತಿಂಗಳು ಕೊಡುವ ಹಳೆ ರೂಢಿ ಎಲ್ಲರಿಗೂ ಬೇಕಿಲ್ಲ ಅಂತ ನಮ್ಮ ದೇಶದ ಅಧ್ಯಯನವೇ ತೋರಿಸಿದೆ.

ಎಲ್ಲರ ಕಥೆ ಹೀಗೆ ಮುಗಿಯುವುದಿಲ್ಲ. ಅದೇ ವರ್ಷ ಚಿತ್ರದುರ್ಗದ ಕಡೆಯ ಟೈಲರ್ ಒಬ್ಬರು, 31 ವರ್ಷ. ಅದೇ ಥರ ಶುರು, ಎರಡು ತಿಂಗಳಿಗೆ "ಎಷ್ಟೋ ವಾಸಿ ಸಾರ್". ಒಳಗೆ ನೋಡಿದರೆ ಹುಣ್ಣು ಮೊದಲಿದ್ದ ಹಾಗೇ. ಇಲ್ಲೂ ತಕ್ಷಣ ಕ್ರೋನ್ಸ್ ಅನ್ನುವಂತಿಲ್ಲ. ಮಾತ್ರೆ ನಿಜವಾಗಿ ನುಂಗಿದ್ದಾರಾ? ಮಾತ್ರೆಗೆ ಬಗ್ಗದ ಟಿಬಿಯಾ? ಸ್ಟ್ರಿಪ್ ಎಣಿಸಿದೆ, ಕಲ್ಚರ್ ಮತ್ತೆ ನೋಡಿದೆ, ಹೊಸ ಚೂರು ತೆಗೆದೆ. ಆಮೇಲೆ ಔಷಧ ಬದಲಿಸಿದೆ. ಸ್ಟಿರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ಮಾತ್ರೆ.

ಮೂರನೇ ವಾರ ಫೋನ್ ಬಂತು. "ಸಾರ್, ದಿಂಬಿನ ತುಂಬಾ ಕೂದ್ಲು." ಬಾಚಿದರೆ ಹಿಡಿ ಹಿಡಿ ಬರ್ತಿದೆ ಅಂದರು. ಅವತ್ತೇ ರಕ್ತ ಪರೀಕ್ಷೆ ಮಾಡಿಸಿದೆ. ಬಿಳಿ ರಕ್ತಕಣ 1,900. ನಾಲ್ಕು ಸಾವಿರದ ಮೇಲಿರಬೇಕಾದದ್ದು. ಅಜಾಥಯೋಪ್ರಿನ್ ನಿಲ್ಲಿಸಿದೆ, ನಿಧಾನವಾಗಿ ಸರಿಹೋಯಿತು. ಎನ್‌ಯುಡಿಟಿ15 ಅನ್ನುವ ಜೀನ್‌ನಲ್ಲಿ ಸಣ್ಣ ವ್ಯತ್ಯಾಸ ಇರುವವರಿಗೆ ಈ ಮಾತ್ರೆ ಹೀಗೆ ಕಾಡುತ್ತದೆ. ಪಶ್ಚಿಮದ ಪುಸ್ತಕಗಳಲ್ಲಿ ನಾವು ಓದಿದ್ದು ಟಿಪಿಎಂಟಿ ಅನ್ನುವ ಬೇರೆ ಜೀನ್ ಬಗ್ಗೆ. ನಮ್ಮ ಜನರಲ್ಲಿ, ಪೂರ್ವ ಏಷ್ಯಾದವರಲ್ಲಿ ಹೆಚ್ಚಾಗಿ ಅಡ್ಡ ಬರುವುದು ಎನ್‌ಯುಡಿಟಿ15. ಈಗ ಅಜಾಥಯೋಪ್ರಿನ್ ಬರೆಯುವ ಮುಂಚೆ ಈ ಪರೀಕ್ಷೆಗೆ ರಕ್ತ ಕಳಿಸುತ್ತೇನೆ. ಒಂದೇ ಸಲ ಮಾಡಿಸಿದರೆ ಸಾಕು, ಜೀವನಪೂರ್ತಿ ಬದಲಾಗುವುದಿಲ್ಲ. ದುಡ್ಡಿಲ್ಲದವರಿಗೆ ಕಡಿಮೆ ಡೋಸ್‌ನಲ್ಲಿ ಶುರು ಮಾಡಿ, ಮೊದಲ ಎರಡು ತಿಂಗಳು ಪದೇ ಪದೇ ರಕ್ತ ನೋಡುತ್ತೇನೆ. ಕೂದಲು ಉದುರಿದರೆ ರಾತ್ರಿಯಾದರೂ ಫೋನ್ ಮಾಡಿ ಅಂತ ಹೇಳುತ್ತೇನೆ.

2008ರ ಆ ಹುಡುಗಿ ಈಗ ಸರ್ಕಾರಿ ಶಾಲೆಯಲ್ಲಿ ಟೀಚರ್. ಇವತ್ತಿಗೂ ನನ್ನ ಹತ್ತಿರವೇ ಬರುತ್ತಾರೆ. ಯಾಕೆ ಬರುತ್ತಾರೋ, ಕೇಳುವ ಧೈರ್ಯ ನನಗಿಲ್ಲ. ಒಂಬತ್ತು ತಿಂಗಳ ಮಾತ್ರೆ ಬೇಕಿರಲಿಲ್ಲ ಅಂತ ಆಪರೇಷನ್ ಆದ ವಾರವೇ ಅವರಿಗೂ ಅವರ ಅಪ್ಪನಿಗೂ ಹೇಳಿದ್ದೆ. ಬಿ12 ಹೀರುವ ಕರುಳಿನ ಕೊನೆಯ ಭಾಗವೇ ಹೋದದ್ದರಿಂದ ಆಗಾಗ ಬಿ12 ಇಂಜೆಕ್ಷನ್ ಬೇಕು. ಐದು ವರ್ಷದ ಹಿಂದೆ ಜೋಡಿಸಿದ ಜಾಗದಲ್ಲಿ ಮತ್ತೆ ಹುಣ್ಣು ಕಾಣಿಸಿತು. ಈಗ ಹದಿನೈದು ದಿನಕ್ಕೊಮ್ಮೆ ಉರಿಯೂತ ತಗ್ಗಿಸುವ ಅಡಲಿಮುಮ್ಯಾಬ್ ಇಂಜೆಕ್ಷನ್. 2014ರಲ್ಲಿ ಭಾರತದ ಕಂಪನಿಯೇ ಇದರ ಬಯೋಸಿಮಿಲರ್ (ಮೂಲ ಔಷಧದ ಹಾಗೇ ಕೆಲಸ ಮಾಡುವ ಪ್ರತಿರೂಪ) ತಂದ ಮೇಲೆ ಬೆಲೆ ಇಳಿಯಿತು. ಇಲ್ಲದಿದ್ದರೆ ಟೀಚರ್ ಸಂಬಳದಲ್ಲಿ ಆಗದ ಮಾತು. ಶುರು ಮಾಡುವ ಮುಂಚೆ ಎಲ್ಲೂ ಟಿಬಿ ಅಡಗಿಲ್ಲ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ, ಯಾಕಂದರೆ ಈ ಔಷಧ ಮಲಗಿದ ಟಿಬಿಯನ್ನು ಎಬ್ಬಿಸುತ್ತದೆ. ಫ್ರಿಜ್‌ನಲ್ಲಿ ತರಕಾರಿ ಟ್ರೇ ಮೇಲಿನ ತಟ್ಟೆ ಇಂಜೆಕ್ಷನ್ನಿಗೇ ಮೀಸಲು ಅಂತ ಹೇಳಿದ್ದರು. ತಾವೇ ತೊಡೆಗೆ ಚುಚ್ಚಿಕೊಳ್ಳುತ್ತಾರೆ.

ಕಳೆದ ತಿಂಗಳು ಬಂದಾಗ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟೆ. ಹಳೇ ಹೊಲಿಗೆಯ ಗುರುತಿನ ಮೇಲೆ ಜೆಲ್ ಸ್ವಲ್ಪ ಜಾಸ್ತಿ ಹಾಕಬೇಕು, ಅಲ್ಲಿ ಚರ್ಮ ಒಳಗೆ ಎಳೆದುಕೊಂಡಿದೆ. ಜೋಡಣೆಯ ಜಾಗದ ಗೋಡೆ 2.6 ಮಿಲಿಮೀಟರ್. ಅವರು ಕತ್ತು ತಿರುಗಿಸಿ ಪರದೆ ನೋಡಿ, "ಮೂರೊಳಗಿದೆ ಅಲ್ವಾ ಸಾರ್?" ಅಂತ ನನಗಿಂತ ಮೊದಲೇ ಅಂದರು.