ಒಕಿನಾವಾದಲ್ಲಿ ಗುಂಪಿಗೆ ಒಂದೇ ದಿನವಿದ್ದರೆ

ಜಪಾನಿನ ಒಕಿನಾವಾ ದ್ವೀಪದಲ್ಲಿ ಒಂದೇ ದಿನದಲ್ಲಿ ದಕ್ಷಿಣದ ಶುರಿ ಕೋಟೆ, ಉತ್ತರದ ಚುರಾಉಮಿ ಮತ್ಸ್ಯಾಲಯ ಎರಡನ್ನೂ ನೋಡುವ ಆಸೆ ಬಿಟ್ಟುಬಿಡಿ. ಕೋಟೆಯಿರುವ ನಾಹಾ ನಗರದಿಂದ ಮತ್ಸ್ಯಾಲಯ ಸುಮಾರು 90 ಕಿಲೋಮೀಟರ್ ದೂರ. ಎಕ್ಸ್‌ಪ್ರೆಸ್‌ವೇಯಲ್ಲಿ ಹೋದರೂ ಎರಡು ಗಂಟೆ ಹಿಡಿಯುತ್ತದೆ. ಮೊನೊರೈಲು ಅತ್ತ ಹೋಗುವುದಿಲ್ಲ. ಹಿರಿಯರು, ಮಕ್ಕಳು ಜೊತೆಗಿದ್ದರೆ ಚಾಲಕರಿರುವ ವ್ಯಾನ್ ಅಥವಾ ನಾಹಾದಿಂದ ಹೊರಡುವ ಪ್ರವಾಸಿ ಬಸ್ಸೇ ಮೇಲು.

ಮತ್ಸ್ಯಾಲಯವನ್ನೇ ಆರಿಸಿಕೊಂಡರೆ, ಅಲ್ಲಿ ತಿಮಿಂಗಿಲ ಶಾರ್ಕ್‌ಗಳಿಗೆ ಆಹಾರ ಹಾಕುವ ವೇಳೆಯನ್ನು ಮೊದಲೇ ತಿಳಿದುಕೊಂಡು, ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಿ. ಎಂಟು ಮೀಟರ್ ದಾಟಿದ ಜೀವಿ ನೀರಿನಲ್ಲಿ ನೆಟ್ಟಗೆ ನಿಂತು, ಬಾಯಿ ಅಗಲಿಸಿ ನೀರನ್ನು ಒಳಗೆಳೆದುಕೊಳ್ಳುವುದನ್ನು ಕಣ್ಣಾರೆ ನೋಡಬೇಕು! ಹೊರಗಿನ ಡಾಲ್ಫಿನ್ ಪ್ರದರ್ಶನಕ್ಕೆ ಟಿಕೆಟ್ ಇಲ್ಲ. ಮರಳುವ ಮುನ್ನ ಸಮುದ್ರದ ಮೇಲೆ 1,960 ಮೀಟರ್ ಚಾಚಿರುವ ಕೌರಿ ಸೇತುವೆಯನ್ನು ದಾಟಿ ಬನ್ನಿ; ಅಲ್ಲಿ ಸುಂಕವೂ ಇಲ್ಲ.

ಸಸ್ಯಾಹಾರಿಗಳು ಊಟದ ವಿಚಾರದಲ್ಲಿ ಬಹಳ ಎಚ್ಚರ ವಹಿಸಬೇಕು. ಒಕಿನಾವಾ ಸೋಬಾ ಎಂಬ ನೂಡಲ್ಸ್‌ನ ಸಾರು ಸಾಮಾನ್ಯವಾಗಿ ಹಂದಿಮಾಂಸ ಮತ್ತು ಒಣಮೀನಿನದು. ಹಾಗಲಕಾಯಿಯ ಗೋಯಾ ಚಾಂಪುರು ನಮ್ಮ ಪಲ್ಯದಂತೆ ಕಂಡರೂ ಅದರಲ್ಲಿ ಮೊಟ್ಟೆ, ಹಂದಿಮಾಂಸ ಇರುವುದೇ ಹೆಚ್ಚು. ‘ಮಾಂಸ, ಮೀನು, ಮೊಟ್ಟೆ, ಮೀನಿನ ಸಾರು ಬೇಡ’ ಎಂದು ಜಪಾನಿ ಭಾಷೆಯಲ್ಲಿ ಬರೆಸಿಕೊಂಡು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ದೊಡ್ಡ ಗುಂಪಾದರೆ ಹೋಟೆಲಿಗೆ ಹಿಂದಿನ ದಿನವೇ ತಿಳಿಸಿ.

ಬೇಸಿಗೆಯ ಬಿಸಿಲು ಚುರುಕು. ಟೋಪಿ, ನೀರು ಮರೆಯಬೇಡಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತಗಳ ಕಾಲವಾದ್ದರಿಂದ, ಬುಕಿಂಗ್ ಮಾಡುವಾಗಲೇ ರದ್ದತಿಯ ನಿಯಮ ಕೇಳಿಕೊಳ್ಳಿ.